ಒಂದು ಗೇಣು ನಾಲ್ಕು ಬೆರಳಿನ ಮೌನ

ನಮ್ಮಣ್ಣನನ್ನು ಬೀದಿಯವರೆಲ್ಲ ಒಂಟಿ ಅಲೆ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಹೆಂಡತಿ, ಎದುರು ಸಾಲಿನಲ್ಲಿ ತಂಗಿ, ಕೆಲಸ ಮಾಡುವ ಕಟ್ಟಡದ ತುಂಬ ಜನ, ಹೀಗಿರುವ ಮನುಷ್ಯ ಅದು ಹೇಗೆ ಒಂಟಿ ಎಂದು ಹೊಸದಾಗಿ ಬಂದವರು ಕೇಳುತ್ತಿದ್ದರು. ಅದು ಅವನ ಕೆಲಸದಿಂದ ಬಂದ ಹೆಸರು. ಆಕಾಶದಾಚೆ ಏನೂ ಇಲ್ಲ ಎಂದು ನಾವು ಅಂದುಕೊಳ್ಳುವ ಜಾಗದಲ್ಲಿ ತೀರಾ ತೆಳುವಾದ, ವಿದ್ಯುತ್ತಿನ ಕಣಗಳೇ ತುಂಬಿಕೊಂಡ ಅನಿಲವೊಂದು ಇದೆಯಂತೆ. ಅದಕ್ಕೆ ಪ್ಲಾಸ್ಮಾ ಅನ್ನುತ್ತಾರೆ. ಅದರೊಳಗೆ ಒಮ್ಮೊಮ್ಮೆ ಒಂದೇ ಒಂದು ಅಲೆ ಏಳುತ್ತದೆ. ಅದಕ್ಕೆ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ತನ್ನ ಆಕಾರ ಕೆಡಿಸಿಕೊಳ್ಳದೆ ತನ್ನ ಪಾಡಿಗೆ ತಾನು ಹೋಗುತ್ತದೆ. ಅದು ಯಾಕೆ ಹಾಗೆ ಹೋಗುತ್ತದೆ, ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ಕಾಗದದ ಮೇಲೆ ಸಮೀಕರಣ ಕಟ್ಟಿ ತೋರಿಸುವುದು ಅಣ್ಣನ ಉದ್ಯೋಗ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ. ಇಪ್ಪತ್ತೆರಡು ವರ್ಷವೂ ಅವನು ತಾತ್ಕಾಲಿಕ ನೌಕರ.

ತಾತ್ಕಾಲಿಕ ಎಂಬ ಮಾತು ಅವನ ಸಂಸಾರದಲ್ಲಿ ಉಪ್ಪಿನ ಹಾಗೆ ಎಲ್ಲದರಲ್ಲೂ ಬೆರೆತುಹೋಗಿತ್ತು. ಸಂಸ್ಥೆಯವರು ಇರಲು ಒಂದು ಮನೆ ಕೊಟ್ಟಿದ್ದರು, ಅದೂ ತಾತ್ಕಾಲಿಕ. ಬಚ್ಚಲಿನ ಬಾಗಿಲಿನ ಚಿಲಕ ಮುರಿದಾಗ ಅತ್ತಿಗೆ ಅದಕ್ಕೊಂದು ದಾರ ಕಟ್ಟಿ, "ಕಾಯಂ ಆಗ್ಲಿ, ಆಮೇಲೆ ನೋಡೋಣ" ಅಂದರು. ಆ ದಾರ ಹನ್ನೊಂದು ವರ್ಷ ಬಾಳಿತು. ಹಲ್ಲುನೋವು ಬಂದರೆ ಅಣ್ಣ ಕೂಡ ಅದನ್ನೇ ಹೇಳುತ್ತಿದ್ದ. ಕಾಯಂ ಆದ ಮೇಲೆ ಹಲ್ಲು ತಾನಾಗಿ ಸರಿಹೋಗುತ್ತದೆ ಎಂದು ಅವನು ನಂಬಿದ್ದನೋ ಏನೋ.

ನಾನು ದರ್ಜಿ. ಅವರ ಮನೆಯ ಎದುರಿನ ಸಾಲಿನಲ್ಲಿ ನನ್ನ ಅಂಗಡಿ, ಅದರ ಹಿಂದೆ ಎರಡು ಕೋಣೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದೇ ಹೆಚ್ಚು. ನನಗೆ ಮೂಗಿನ ಮೇಲೇ ಕೋಪ ಎಂದು ಗಿರಾಕಿಗಳು ಹೇಳುತ್ತಾರೆ. ಸುಳ್ಳಲ್ಲ. ಆದರೆ ಅಣ್ಣನಂಥ ಅಣ್ಣನಿದ್ದರೆ ಯಾರ ಕೋಪವಾದರೂ ಮೂಗಿನ ಮೇಲೆ ಬರುತ್ತದೆ. ನನಗೆ ಐವತ್ತಾದರೂ ಅವನ ಬಾಯಲ್ಲಿ ನಾನು ಪುಟ್ಟಿಯೇ.

ಅವನ ಕೆಲಸದೊಳಗೆ ನಾನು ಸಿಕ್ಕಿಕೊಂಡದ್ದು ಕತ್ತರಿಯ ದೆಸೆಯಿಂದ. ಆಕಾಶದಲ್ಲಿ ಸುತ್ತುವ ಉಪಗ್ರಹವೊಂದು ಉದ್ದನೆಯ ಕಡ್ಡಿ ಚಾಚಿಕೊಂಡು ಅಲ್ಲಿನ ವಿದ್ಯುತ್ತಿನ ಏರಿಳಿತ ಅಳೆಯುತ್ತದೆ. ಅದು ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಬರುತ್ತದೆ. ಗೆರೆ ಸುಮ್ಮನೆ ನೆಟ್ಟಗೆ ಹೋಗುತ್ತಿರುತ್ತದೆ, ಫಕ್ಕನೆ ಮೇಲೆದ್ದು ಕೆಳಗಿಳಿದು ಮತ್ತೆ ನೆಟ್ಟಗಾಗುತ್ತದೆ. ಆ ಎದ್ದು ಬಿದ್ದದ್ದೇ ಅಲೆ. ಒಂಟಿ ಅಲೆಯ ಶಾಸ್ತ್ರದಲ್ಲಿ ಮೊದಲ ಸಾಲೇ "ಅಲೆಯ ಎರಡೂ ಕಡೆ ಕೊನೆಯಿಲ್ಲದಷ್ಟು ದೂರ ಏನೂ ಇಲ್ಲ ಎಂದಿಟ್ಟುಕೊಳ್ಳೋಣ" ಅಂತ. ಏನೂ ಇಲ್ಲದ್ದನ್ನು ಇಟ್ಟುಕೊಂಡು ಏನು ಮಾಡುವುದು? ಆದ್ದರಿಂದ ಅಲೆಯನ್ನು ಆಚೆ ಎರಡು ಬೆರಳು ಈಚೆ ಎರಡು ಬೆರಳು ಬಿಟ್ಟು ಕತ್ತರಿಸಿ, ಒಂದೊಂದನ್ನು ಒಂದೊಂದು ರಟ್ಟಿನ ಮೇಲೆ ಅಂಟಿಸಿಡುವುದು ಅಲ್ಲಿನ ಪದ್ಧತಿ. ಅದಕ್ಕೆ ಕತ್ತರಿ ಬೇಕು. ಅಣ್ಣ ಅರ್ಜಿ ಹಾಕಿದ. ಕತ್ತರಿ ಕಾಯಂ ಆಸ್ತಿಯ ಪಟ್ಟಿಯಲ್ಲಿ ಬರುತ್ತದೆ, ತಾತ್ಕಾಲಿಕ ನೌಕರರಿಗೆ ಕಾಯಂ ಆಸ್ತಿ ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು.

"ನಿನ್ನ ಕತ್ತರಿ ಕೊಡ್ತೀಯಾ ಪುಟ್ಟಿ?" ಎಂದು ಕೇಳಿದ.

"ಕಾಗದ ಕತ್ತರಿಸಿದ್ರೆ ಕತ್ತರಿ ಮೊಂಡಾಗತ್ತೆ. ಹಳೇದೊಂದಿದೆ, ನಾನೇ ಕತ್ತರಿಸಿ ಕೊಡ್ತೀನಿ. ನಿನ್ನ ಕೈ ನೆಟ್ಟಗಿಲ್ಲ," ಅಂದೆ.

ಅಲ್ಲಿಂದ ಶುರುವಾಯಿತು. ತಿಂಗಳಿಗೊಂದು ಸುರುಳಿ, ಮೊಹರು ಹಾಕಿದ್ದು, ಉಪಗ್ರಹದ ವಿಭಾಗದಿಂದ ನೇರ ನನ್ನ ಅಂಗಡಿಗೆ ಬರುತ್ತಿತ್ತು. ಕಳಿಸುವುದು ಮಾತ್ರ ಆ ವಿಭಾಗದವರ ಕೆಲಸ, ಬಿಚ್ಚಿ ನೋಡುವುದು ಅವರ ಕೆಲಸವಲ್ಲ. ನಾನು ಭಾನುವಾರ ಕೂತು ಇಪ್ಪತ್ತು ಅಲೆ ಕತ್ತರಿಸಿ, ಅಂಟಿಸಿ, ಎದುರು ಮನೆಗೆ ಕೊಟ್ಟು ಬರುತ್ತಿದ್ದೆ. ಅಣ್ಣ ಸುರುಳಿಯನ್ನು ಒಂದು ದಿನವೂ ನೋಡಲಿಲ್ಲ. ಅವನಿಗೆ ಬೇಕಾದದ್ದು ಅಲೆ, ಅದು ರಟ್ಟಿನ ಮೇಲೆ ಸಿಗುತ್ತಿತ್ತು. ಐದು ಸಾವಿರದ ಚಿಲ್ಲರೆ ಒಂಟಿಗಳು ಒಂದೇ ಬೀರುವಿನಲ್ಲಿ ಒತ್ತೊತ್ತಾಗಿ ಕೂತಿದ್ದವು.

ಉಳಿದ ಖಾಲಿ ಕಾಗದವನ್ನು ನಾನು ಎಸೆಯಲಿಲ್ಲ. ದರ್ಜಿಗೆ ತುಂಡು ಎಸೆಯುವುದೆಂದರೆ ಪ್ರಾಣಸಂಕಟ. ಎರಡನೆಯ ಸುರುಳಿಯಲ್ಲೇ ನನಗೆ ಗೊತ್ತಾಯಿತು, ಖಾಲಿ ತುಂಡುಗಳೆಲ್ಲ ಒಂದೇ ಅಳತೆ: ಒಂದು ಗೇಣು ನಾಲ್ಕು ಬೆರಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊದಲನೆ ತರಗತಿ ಮಕ್ಕಳ ಅಂಗಿಯ ಕಾಲರ್ ಪಟ್ಟಿಗೆ ಹೇಳಿ ಮಾಡಿಸಿದ ಅಳತೆ. ಅವನ್ನೇ ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೀಟು ಹಾಕಿ ಕಾಲರ್ ಕತ್ತರಿಸುತ್ತಿದ್ದೆ. ಇಪ್ಪತ್ತೆರಡು ವರ್ಷ ಈ ಸುತ್ತಿನ ಮಕ್ಕಳೆಲ್ಲ ಅಂತರಿಕ್ಷದ ಮೌನದ ಅಳತೆಯ ಕಾಲರ್ ಹಾಕಿಕೊಂಡು ಶಾಲೆಗೆ ಹೋದರು. ಕತ್ತು ದಪ್ಪವಿದ್ದ ಮಕ್ಕಳು ಒದ್ದಾಡಿದವು. ಅವುಗಳ ತಾಯಂದಿರು ಜಗಳಕ್ಕೆ ಬಂದರೆ ನಾನು, "ಮಗೂಗೆ ತಿನ್ನಿಸೋದು ಕಡಿಮೆ ಮಾಡಿ" ಎಂದು ಅಟ್ಟುತ್ತಿದ್ದೆ.

ಅಣ್ಣ ತನ್ನ ಸಮೀಕರಣಗಳನ್ನು ಮಾದರಿ ಅನ್ನುತ್ತಿದ್ದ. ಅದೇನೆಂದು ಒಮ್ಮೆ ಕೇಳಿದ್ದೆ. ಅವನು ನನ್ನ ಮೇಜಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದ. ಒಂದು ಗುಡ್ಡ, ಅದರ ಪಕ್ಕ ಒಂದು ಹಳ್ಳ. ಗುಡ್ಡದ ತುದಿಯಲ್ಲೊಂದು ಗೋಲಿ. ಅದು ಉರುಳಿ ಹಳ್ಳ ದಾಟಿ ಆಚೆ ಏರಿ, ಮತ್ತೆ ಉರುಳಿ ಬಂದು ಗುಡ್ಡದ ತುದಿಯಲ್ಲೇ ನಿಲ್ಲುತ್ತದೆ. ಆ ಗೋಲಿಯ ಓಟದ ಲೆಕ್ಕ ಹಾಕಿದರೆ ಅಲೆಯ ಆಕಾರ ಸಿಗುತ್ತದೆ.

"ತುದಿಯಿಂದ ಹೊರಡೋಕೆ ಎಷ್ಟು ಹೊತ್ತು ಬೇಕು?" ಎಂದೆ.

"ಅನಂತ ಕಾಲ."

"ವಾಪಸ್ ಬರೋಕೆ?"

"ಅದೂ ಅನಂತ ಕಾಲ."

"ನಿನ್ನ ಕಾಯಂ ಕಾಗದ ಕಳಿಸೋರೇ ಅದನ್ನೂ ಉರುಳಿಸ್ತಿದಾರೆ ಅನ್ಸತ್ತೆ," ಅಂದೆ. ಅವನು ನಗಲಿಲ್ಲ. ಅಲೆಯ ವಿಷಯದಲ್ಲಿ ತಮಾಷೆ ಅವನ ಕಿವಿಗೆ ಬೀಳುತ್ತಿರಲಿಲ್ಲ.

ಅವನಿಗೆ ಐವತ್ತೈದು ತುಂಬುವ ವರ್ಷ ಕೊನೆಗೂ ಗೋಲಿ ಅಲ್ಲಾಡಿತು. ಗುರುವಾರ ಸಮಿತಿ ಕೂರುತ್ತದೆ, ಅಣ್ಣನ ಮಾದರಿಯನ್ನು ಒಪ್ಪಿಕೊಂಡರೆ ಅವನು ಕಾಯಂ ಎಂದು ಪತ್ರ ಬಂತು. ಒಪ್ಪದಿದ್ದರೆ ವಯಸ್ಸು ಮೀರಿತು, ಅಲ್ಲಿಗೆ ಕೆಲಸವೂ ಮುಗಿಯಿತು, ಮನೆಯನ್ನೂ ಖಾಲಿ ಮಾಡಬೇಕು. ಒಪ್ಪದೆ ಇರಲು ಕಾರಣವೇ ಇರಲಿಲ್ಲ. ಅವನ ಸಮೀಕರಣದಲ್ಲಿ ನಾಲ್ಕು ತಿರುಪುಗಳಿದ್ದವು. ಬಿಸಿ ಎಲೆಕ್ಟ್ರಾನು ಎಷ್ಟು, ತಣ್ಣನೆಯದು ಎಷ್ಟು, ದೊಡ್ಡ ಕಣಗಳ ವೇಗ ಎಷ್ಟು, ಇನ್ನೊಂದು ಏನೋ. ಇವನ್ನು ಚೂರು ಆಚೆ ಈಚೆ ತಿರುಗಿಸಿದರೆ ಬೀರುವಿನಲ್ಲಿದ್ದ ಪ್ರತಿಯೊಂದು ಅಲೆಗೂ ಮಾದರಿ ಕೈಗವಸಿನ ಹಾಗೆ ಕೂರುತ್ತಿತ್ತು. ಅತ್ತಿಗೆ ಚಿಲಕದ ಅಂಗಡಿಗೆ ಹೋಗಿ ನೋಡಿಕೊಂಡೂ ಬಂದರು.

ಭಾನುವಾರ ಸಂಜೆ ಅಣ್ಣ ಅತ್ತಿಗೆಯನ್ನೂ ನನ್ನನ್ನೂ ಅಂಗಡಿಯಲ್ಲಿ ಕೂರಿಸಿ ಸಮಿತಿಯ ಮುಂದೆ ಆಡಬೇಕಾದ ಮಾತನ್ನು ಒಪ್ಪಿಸತೊಡಗಿದ. ನಾನು ಕಾಜಾ ಹೊಲಿಯುತ್ತ ಅರ್ಧ ಕಿವಿ ಕೊಟ್ಟಿದ್ದೆ.

"ಒಂದು ಒಂಟಿ ಅಲೆಗೆ ಇನ್ನೊಂದರ ಸುದ್ದಿಯೇ ಗೊತ್ತಿರೋದಿಲ್ಲ," ಎಂದ ಅಣ್ಣ, ಕೈ ಎತ್ತಿ. "ಆದ್ದರಿಂದ ಮುಂದಿನದು ಯಾವಾಗ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ."

"ಹೇಳೋಕಾಗತ್ತಲ್ಲ," ಅಂದೆ, ಸೂಜಿಯಿಂದ ಕಣ್ಣು ತೆಗೆಯದೆ. "ಒಂದು ಗೇಣು ನಾಲ್ಕು ಬೆರಳು ಬಿಟ್ಟು ಬರತ್ತೆ."

"ಯಾವ ಸುರುಳೀಲಿ?"

"ಎಲ್ಲಾ ಸುರುಳೀಲೂ. ನಾನು ಕಾಲರ್ ಕತ್ತರಿಸೋದು ಮತ್ತೆ ಯಾವುದರಲ್ಲಿ ಅಂದ್ಕೊಂಡೆ?"

ಗೋಡೆಯ ಮೊಳೆಗೆ ನೇತುಹಾಕಿದ್ದ ಕಟ್ಟನ್ನು ತೆಗೆದು ಕೊಟ್ಟೆ. ಅಣ್ಣ ಒಂದರ ಮೇಲೊಂದು ಪಟ್ಟಿ ಇಟ್ಟ. ಅಂಚಿಗೆ ಅಂಚು ಕೂಡಿತು. ಇಪ್ಪತ್ತು ಇಟ್ಟ, ಮೂವತ್ತು ಇಟ್ಟ. ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಅಲೆಗಳು ಇಪ್ಪತ್ತೆರಡು ವರ್ಷ ಗಡಿಯಾರದ ಮುಳ್ಳಿನಂತೆ ಬರುವುದಾದರೆ ಅವು ಅಲೆಗಳಲ್ಲ, ಇನ್ನೇನೋ ತಿರುಗುತ್ತಿದೆ. ಅಷ್ಟು ನನಗೂ ಹೊಳೆಯಿತು. ಈ ನಾಲಿಗೆಯನ್ನು ನಾಲ್ಕು ದಿನ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಸೋಮವಾರ ಅಣ್ಣ ಉಪಗ್ರಹದ ವಿಭಾಗಕ್ಕೆ ಹೋಗಿ ಅಲ್ಲಿನವರನ್ನು ವಿಚಾರಿಸಿದ. ಅವರು ಮುಖದಲ್ಲಿ ಏನೂ ತೋರಿಸದೆ ಹೇಳಿದರಂತೆ: ಉಪಗ್ರಹ ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತದೆ, ಮೂರು ಸೆಕೆಂಡಿಗೆ ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಒಂದು ಸಲ ಆ ಉದ್ದನೆಯ ಕಡ್ಡಿ ಉಪಗ್ರಹದ್ದೇ ನೆರಳಿನೊಳಗೆ ಹೋಗಿ ಬರುತ್ತದೆ. ಬಿಸಿಲು ತಪ್ಪಿದ ಕ್ಷಣ ಕಡ್ಡಿಯ ವಿದ್ಯುತ್ತು ಏರುಪೇರಾಗುತ್ತದೆ, ಗೆರೆ ಎದ್ದು ಬೀಳುತ್ತದೆ. ಕಾಗದ ಮೂರು ಸೆಕೆಂಡಿನಲ್ಲಿ ಎಷ್ಟು ಓಡುತ್ತದೆ ಎಂದು ಕೇಳಿದ್ದಕ್ಕೆ ಅವರು ಅಳೆದು ತೋರಿಸಿದರು. ನನ್ನ ಕಾಲರ್ ಪಟ್ಟಿ, ಜೊತೆಗೆ ರಟ್ಟಿಗೆ ಅಂಟಿಸಿದ ಅಲೆಯ ತುಂಡು. ಸರಿಯಾಗಿ ಅಷ್ಟೇ.

"ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ," ಎಂದ ಅಣ್ಣ ಮನೆಗೆ ಬಂದು. "ನೀವು ಕೇಳಲಿಲ್ಲ, ಅಂದ್ರು."

ಅತ್ತಿಗೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ರೀ, ಇವತ್ತು ಸೋಮವಾರ. ಗುರುವಾರದವರೆಗೆ ಅದು ಅಲೆಯಾಗೇ ಇರ್ಲಿ. ಶುಕ್ರವಾರ ನೆರಳು ಮಾಡ್ಕೊಳ್ಳಿ. ನಾನೇನು ಸುಳ್ಳು ಹೇಳಿ ಅಂತಿಲ್ಲ. ನಿಧಾನಕ್ಕೆ ಕಂಡುಹಿಡೀರಿ ಅಂತಿದೀನಿ. ಇಪ್ಪತ್ತೆರಡು ವರ್ಷ ನಿಧಾನ ಮಾಡಿದೀರಿ, ಇನ್ನು ಮೂರು ದಿನ ಹೆಚ್ಚೇನು?"

ಅತ್ತಿಗೆಯ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಮಂಗಳವಾರ ಅವನು ಆಫೀಸಿಗೆ ಹೋಗದೆ ನನ್ನ ಅಂಗಡಿಗೆ ಬಂದ. ಮೇಜಿನ ಮೇಲಿದ್ದ ಅಂಗಿಯ ತೋಳೊಂದನ್ನು ಎತ್ತಿಕೊಂಡ. ಹೊಲಿಯುವ ಮೊದಲು ಹಾಸಿಟ್ಟ ತೋಳಿನ ಮೇಲಂಚು ಗಂಟೆಯ ಆಕಾರದಲ್ಲಿ ಎದ್ದು ಇಳಿದಿರುತ್ತದೆ. ಅಣ್ಣ ಅದರ ಅಂಚನ್ನು ಕಾಗದಕ್ಕೆ ಇಳಿಸಿಕೊಂಡು ಮಧ್ಯಾಹ್ನದವರೆಗೆ ಲೆಕ್ಕ ಹಾಕಿದ, ತಿರುಪು ತಿರುಗಿಸಿದ. ಆಮೇಲೆ ಪೆನ್ಸಿಲ್ ಕೆಳಗಿಟ್ಟ.

"ಕೂತುಬಿಡ್ತು ಪುಟ್ಟಿ. ನನ್ನ ಮಾದರಿ ಪ್ರಕಾರ ಈ ತೋಳು ಒಂಟಿ ಅಲೆ. ಸೆಕೆಂಡಿಗೆ ನಾನೂರು ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇದೆ."

ನಾನು ತೋಳನ್ನು ನೋಡಿದೆ. ಅದು ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು. ನನಗೆ ನಗು ಒತ್ತರಿಸಿಕೊಂಡು ಬಂತು, ಅಣ್ಣನಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದ ಮೇಲೆ ನೋಡಿದರೆ ಅವನ ಕಣ್ಣು ಒದ್ದೆಯಾಗಿತ್ತು. ಅದು ನಗುವಿನದ್ದಲ್ಲ ಎಂದು ನನಗೆ ಗೊತ್ತು. ಅಂಥ ಹೊತ್ತಿನಲ್ಲಿ ಅಣ್ಣನ ತಲೆ ಸವರಬೇಕು ಅನ್ನಿಸುತ್ತದೆ, ನಾನು ಸವರಲಿಲ್ಲ. ನಮ್ಮಲ್ಲಿ ಅಂಥ ರೂಢಿಯಿಲ್ಲ. "ಆ ತೋಳು ಕೊಡು, ನಾಳೆ ಕೊಡಬೇಕಾದ ಅಂಗಿ," ಎಂದು ಕಿತ್ತುಕೊಂಡೆ.

ಗುರುವಾರ ಪಟ್ಟಿಯ ಕಟ್ಟು ಹೊತ್ತುಕೊಂಡು ನಾನೂ ಹೋದೆ. ಕತ್ತರಿಸಿದವಳು ಇದ್ದರೆ ಒಳ್ಳೆಯದು ಎಂದು ಅಣ್ಣ ಕರೆದಿದ್ದ. ಅವನು ಏನು ಹೇಳುತ್ತಾನೆಂದು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಉದ್ದನೆಯ ಮೇಜಿನಾಚೆ ಇಬ್ಬರು. ಒಬ್ಬರು ಸಮಿತಿಯ ಅಧ್ಯಕ್ಷರು, ದೊಡ್ಡ ವಿಜ್ಞಾನಿಯಂತೆ, ಮುಖದಲ್ಲಿ ಒಳ್ಳೆಯತನವಿತ್ತು. ಇನ್ನೊಬ್ಬರು ಆಡಳಿತಾಧಿಕಾರಿ, ಮುಂದೆ ಕಡತ. ಅಣ್ಣನ ಇಪ್ಪತ್ತೆರಡು ವಾರ್ಷಿಕ ವರದಿಗಳನ್ನು ಮೇಜಿನ ಮೇಲೆ ಗೋಪುರದಂತೆ ಪೇರಿಸಿದ್ದರು. ಒಂದರ ಹಾಳೆಯನ್ನೂ ಯಾರೂ ತಿರುವಿದ ಹಾಗಿರಲಿಲ್ಲ. ಅಂಚುಗಳು ಹೊಸ ನೋಟಿನಂತಿದ್ದವು.

ಅಣ್ಣ ನಿಂತವನೇ ಹಿಂದೆ ಮುಂದೆ ನೋಡದೆ ಹೇಳಿಬಿಟ್ಟ. ಇವು ಅಲೆಗಳಲ್ಲ, ಉಪಗ್ರಹದ ನೆರಳು. ನನ್ನ ಮಾದರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನು ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದೆ.

ಅಧ್ಯಕ್ಷರು ಒಂದು ಪಟ್ಟಿ ಎತ್ತಿ ನೋಡಿದರು. "ಇದರಲ್ಲಿ ಏನೂ ಇಲ್ಲವಲ್ಲ."

"ಅದೇ ಸರ್ ಪುರಾವೆ," ಎಂದ ಅಣ್ಣ.

"ನಿಮ್ಮ ಮಾದರಿ ಈ ನೆರಳಿಗೆ ಹೊಂದುತ್ತಾ?"

"ಚೆನ್ನಾಗಿ ಹೊಂದುತ್ತೆ ಸರ್. ನಮ್ಮ ತಂಗಿ ಕತ್ತರಿಸಿಟ್ಟ ಅಂಗಿಯ ತೋಳಿಗೂ ಹೊಂದುತ್ತೆ. ಅದೇ ಅದರ ತೊಂದರೆ."

"ತೋಳಿಗೂ ಹೊಂದುತ್ತೆ ಅಂದ್ರೆ ಮಾದರಿಯ ವ್ಯಾಪ್ತಿ ದೊಡ್ಡದಾಯ್ತು," ಎಂದು ಅಧ್ಯಕ್ಷರು ತಲೆದೂಗಿದರು. "ಒಳ್ಳೇದೇ ಅಲ್ವಾ?"

ಆಡಳಿತಾಧಿಕಾರಿ ಕಡತದಿಂದ ತಲೆಯೆತ್ತಿದರು. "ಇವತ್ತಿನ ವಿಷಯಪಟ್ಟಿಯಲ್ಲಿ ಮಾದರಿಯನ್ನು ಒಪ್ಪಿಕೊಳ್ಳುವುದು ಅಂತ ಮಾತ್ರ ಇದೆ. ಹಿಂತೆಗೆದುಕೊಳ್ಳುವುದಕ್ಕೆ ನಮೂನೆಯೇ ಇಲ್ಲ. ಇದುವರೆಗೆ ಯಾರೂ ಕೇಳಿಲ್ಲ. ಹೊಸ ನಮೂನೆ ಮಾಡ್ಬೇಕು ಅಂದ್ರೂ, ಮಾದರಿಯನ್ನ ಪೂರ್ತಿ ಓದಿದವರು ಒಬ್ಬರು ಸಹಿ ಹಾಕ್ಬೇಕಾಗುತ್ತೆ. ಓದಿದವರು ಯಾರಾದ್ರೂ ಇದ್ದಾರಾ?"

ಅಧ್ಯಕ್ಷರು ಪೆನ್ನಿನ ಮುಚ್ಚಳವನ್ನೇ ನೋಡುತ್ತ ಕೂತರು.

ಆಮೇಲೆ ಅವರು ಒಂದು ಹಾಳೆಯನ್ನು ಅಣ್ಣನ ಕಡೆ ಸರಿಸಿ, ಮನೆಯವರ ಹಾಗೆ ಮೆಲ್ಲಗೆ ಹೇಳಿದರು. "ನೋಡಿ, ಇಲ್ಲೊಂದು ಸಹಿ ಹಾಕಿ. ಅಲೆಗಳು ಅಲೆಗಳೇ ಅಂತ. ಈ ಕ್ಷಣದಿಂದ ನೀವು ಕಾಯಂ. ಕಾಯಂ ಆದವರು ಆಮೇಲೆ ಏನು ಬೇಕಾದ್ರೂ ಕಂಡುಹಿಡೀಬಹುದು. ನಾವು ಕೇಳೋಕೆ ಬರಲ್ಲ."

ನಾನು ಒಂದು ಮಾತು ಇದ್ದ ಹಾಗೆ ಹೇಳಿಬಿಡುತ್ತೇನೆ. ಆಗ ನಾನು ಅಣ್ಣನ ಅಂಗಿಯ ತೋಳು ಹಿಡಿದು ಜಗ್ಗಿದೆ. "ಹಾಕಣ್ಣಾ," ಅಂದೆ. ದಾರ ಕಟ್ಟಿದ ಬಾಗಿಲು, ಅತ್ತಿಗೆಯ ಮುಖ, ಎಲ್ಲ ಕಣ್ಣ ಮುಂದೆ ಬಂತು. ಅಣ್ಣ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟ, ಬಟ್ಟೆಯಿಂದ ಸೂಜಿ ತೆಗೆದಿಡುವ ಹಾಗೆ. "ಇದಕ್ಕೆ ಸಹಿ ಹಾಕೋಕಾಗಲ್ಲ ಸರ್," ಎಂದ.

ಆಡಳಿತಾಧಿಕಾರಿ ನಡಾವಳಿಯಲ್ಲಿ ಹೀಗೆ ಬರೆದು ಓದಿ ಹೇಳಿದರು: "ಅಭ್ಯರ್ಥಿಯ ಬಳಿ ಯಾವುದೇ ಅಲೆ ಇರುವುದಿಲ್ಲ." ಅಣ್ಣ ಅದರ ಕೆಳಗೆ ಸಹಿ ಹಾಕಿದ.

ದಾರಿಯಲ್ಲಿ ನಾನೇ ಮಾತು ತೆಗೆದೆ. "ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಇವತ್ತು ನೀನು ಕಾಯಂ."

"ಹೌದು," ಎಂದ. ಸ್ವಲ್ಪ ದೂರ ನಡೆದ ಮೇಲೆ, "ಇಪ್ಪತ್ತೆರಡು ವರ್ಷ ಆ ಸುರುಳಿ ಬಿಚ್ಚಿ ನೋಡಿದವಳು ನೀನೊಬ್ಬಳೇ ಪುಟ್ಟಿ. ನಾನೇ ನೋಡಲಿಲ್ಲ," ಎಂದ. ಆ ಮಾತಿಗೆ ನನಗೆ ಅಳು ಬಂತು. ಬೀದಿಯಲ್ಲಿ ಗಿರಾಕಿಗಳು ಸಿಕ್ಕಿದರು, ಕಣ್ಣಿಗೆ ಧೂಳು ಬಿತ್ತು ಅಂದೆ.

ಹತ್ತು ದಿನಕ್ಕೆ ಆದೇಶ ಬಂತು. ಒಂಟಿ ಅಲೆಗಳ ವಿಭಾಗದ ಹುದ್ದೆಯನ್ನು ಕಾಯಂ ಮಾಡಲಾಗಿದೆ ಎಂದಿತ್ತು. ಅದರ ಕೆಳಗೆ, ಸದರಿ ಹುದ್ದೆ ಖಾಲಿ ಇರುತ್ತದೆ ಎಂದಿತ್ತು. ಹುದ್ದೆ ಕಾಯಂ ಆಯಿತು, ಅಣ್ಣ ಆಗಲಿಲ್ಲ. ಮೂವತ್ತು ದಿನದಲ್ಲಿ ಮನೆ ಬಿಡಬೇಕು.

ಅತ್ತಿಗೆ ಆ ತಿಂಗಳು ಅಣ್ಣನ ಜೊತೆ ಮಾತಾಡಲಿಲ್ಲ. ಊಟ ಬಡಿಸುವರು, ಬಟ್ಟೆ ಮಡಚಿಡುವರು, ಮಾತು ಮಾತ್ರ ಇಲ್ಲ. ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದರು, ಅಣ್ಣ ಪಕ್ಕದಲ್ಲೇ ನಿಂತಿದ್ದರೂ. ಸಾಮಾನು ಒಂದೊಂದಾಗಿ ನನ್ನ ಅಂಗಡಿಯ ಹಿಂದಿನ ಕೋಣೆಗೆ ಬಂತು. ಅಣ್ಣ ಗುಂಡಿ ಹೊಲಿಯಲು ಕಲಿಯುತ್ತಿದ್ದ, ಎಲ್ಲ ಸೊಟ್ಟ.

ಮನೆ ಬಿಡುವ ದಿನ ಬೆಳಿಗ್ಗೆ ಆ ಹುದ್ದೆಗೆ ಬಂದ ಹೊಸಬರು ಬೀಗದ ಕೈ ತೆಗೆದುಕೊಳ್ಳಲು ಬಂದರು. ಮೂವತ್ತು ದಾಟಿದ, ಶುಭ್ರವಾದ ಮನುಷ್ಯ, ಕೈಯಲ್ಲಿ ಹೊಸ ಡೈರಿ. ಅಣ್ಣ ಅಂಗಡಿಯೊಳಗಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು, ನಾನು ಕೊನೆಯ ಪೆಟ್ಟಿಗೆ ಎತ್ತಿಕೊಂಡಿದ್ದೆ.

"ಮನೆ ಬಗ್ಗೆ ತಿಳ್ಕೊಳ್ಳೋದು ಏನಾದ್ರೂ ಇದೆಯಾ ಅಮ್ಮ?" ಎಂದು ಆ ಹೊಸಬರು ಡೈರಿ ತೆರೆದರು.

"ಮನೆಯಲ್ಲಿ ತೊಂದರೆ ಏನೂ ಇಲ್ಲ," ಅಂದರು ಅತ್ತಿಗೆ. ಬೀಗದ ಕೈಯನ್ನು ಕೊಡದೆ ಹಿಡಿದುಕೊಂಡೇ ನಿಂತರು. "ನಿಮಗೆ ಕೊಡೋ ಅಲೆಗಳು ಅಲೆಗಳಲ್ಲ. ಉಪಗ್ರಹದ ನೆರಳು. ಮೂರು ಸೆಕೆಂಡಿಗೊಂದು ಸಲ ಬೀಳುತ್ತೆ. ಅದನ್ನ ಕಂಡುಹಿಡಿದವರು ನಮ್ಮ ಮನೆಯವರು. ಬರ್ಕೊಳ್ಳಿ."

ಅವರು ಅತ್ತಿಗೆಯ ಮುಖವನ್ನೊಮ್ಮೆ ನೋಡಿ, ಬರೆದುಕೊಂಡರು.

"ಓದಿ ಹೇಳಿ," ಅಂದರು ಅತ್ತಿಗೆ.

ಅವರು ಓದಿ ಹೇಳಿದರು. ಆಮೇಲೆ ಅತ್ತಿಗೆ ಬೀಗದ ಕೈ ಕೊಟ್ಟು, ಬೀದಿ ದಾಟಿ ಅಂಗಡಿಗೆ ಬಂದು, ಅಣ್ಣನ ಕೈಯಲ್ಲಿದ್ದ ಅಂಗಿಯನ್ನು ಇಸಿದುಕೊಂಡು, "ಗುಂಡಿ ಹೀಗಲ್ಲ ರೀ ಹೊಲಿಯೋದು," ಅಂದರು.